ಗೋಡೆಯಾಚೆಯ ಐದು ರೊಟ್ಟಿ

ಲೆಕ್ಕದಲ್ಲಿ ನಾನು ಚಿಕ್ಕಂದಿನಿಂದಲೂ ಜಾಣೆ. ಮುಂದೆ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದೆ. ನಿವೃತ್ತಿಯ ದಿನ ಶಾಲು ಹೊದಿಸಿ ಭಾಷಣ ಮಾಡಿದವರೆಲ್ಲ ಆ ಜಾಣತನವನ್ನೇ ಹೊಗಳಿದರು. ನಾನು ಕುರ್ಚಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತಿದ್ದೆ. ಅದೇ ಜಾಣತನದಿಂದ ಹತ್ತು ವರ್ಷದವಳಿದ್ದಾಗ ನಾನು ಮೂರು ಜೀವ ತೆಗೆಯುವುದರಲ್ಲಿದ್ದೆ ಎನ್ನುವುದು ಅವರಿಗೆ ಹೇಗೆ ಗೊತ್ತಿರಬೇಕು?

ನಮ್ಮೂರು ಅಫಜಲಪುರ ತಾಲೂಕಿನದು, ಭೀಮಾ ಹೊಳೆಯ ದಂಡೆಗಿತ್ತು. ಬೆಳಿಗ್ಗೆ ಹೊರಟರೆ ಘತ್ತರಗಿಯ ಭಾಗ್ಯವಂತಿ ಗುಡಿಗೆ ಮಧ್ಯಾಹ್ನದೊಳಗೆ ನಡೆದು ಮುಟ್ಟಬಹುದಿತ್ತು. ಹೊಳೆಯ ಆಚೆ ದಂಡೆ ಮುಂಬೈ ಪ್ರಾಂತದ್ದು, ಅಲ್ಲಿಗೆ ಸ್ವಾತಂತ್ರ್ಯ ಬಂದು ವರ್ಷವಾಗಿತ್ತು. ಈಚೆ ದಂಡೆ ನಿಜಾಮರದು, ನಮಗೆ ಬಂದದ್ದು ರಜಾಕಾರರು. ಆ ವರ್ಷವೆಲ್ಲ ಮನೆಯಲ್ಲಿ ಯಾರೂ ದನಿ ಏರಿಸಿ ಮಾತಾಡಲಿಲ್ಲ. ಅಜ್ಜಿ ಒಂದು ಗಂಟು ಕಟ್ಟಿ ದೇವರ ಕೋಣೆಯಲ್ಲಿ ಇಟ್ಟಿದ್ದಳು, ಓಡಬೇಕಾದರೆ ಇರಲಿ ಎಂದು. ನನ್ನ ಗೆಳತಿ ಗುರಮ್ಮನ ದೊಡ್ಡಣ್ಣನನ್ನು ಹೊಳೆ ದಾಟುವಾಗ ರಜಾಕಾರರು ಗುಂಡು ಹಾಕಿ ಕೊಂದರು. ಅವಳ ಸಣ್ಣಣ್ಣ ಹುಲೆಪ್ಪ ಅದೇ ವಾರ ರಜಾಕಾರರ ವಿರುದ್ಧ ಹೋರಾಡುವವರ ಗಡಿಯಾಚೆಯ ಕ್ಯಾಂಪಿಗೆ ಹೋದ.

ನಲವತ್ತೆಂಟರ ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು. ನಾಲ್ಕೈದು ದಿನಗಳಲ್ಲಿ ನಿಜಾಮರ ಆಟ ಮುಗಿಯಿತು. ಭಯ ಹೋಗಬೇಕಿತ್ತು. ಹೋಗಲಿಲ್ಲ, ಓಣಿ ಬದಲಿಸಿತು ಅಷ್ಟೇ. ಹುಲೆಪ್ಪ ಅಣ್ಣನ ಸೇಡಿಗೆ ಬಂದೂಕು ಹಿಡಿದು ಊರಿಗೆ ಬಂದ. ಪಿಂಜಾರ ಶರಫುದ್ದೀನನ ಮನೆಯ ಬಾಗಿಲು ಮುರಿದು ಬಿತ್ತು, ಅವನ ಹತ್ತಿ ಹಿಂಜುವ ಬಿಲ್ಲು ಎರಡು ತುಂಡಾಗಿ ಅಂಗಳದಲ್ಲಿತ್ತು. ಶರಫುದ್ದೀನ ಕೆಲಸಕ್ಕೆಂದು ಆಳಂದದ ಕಡೆ ಹೋದವನು ತಿಂಗಳಾದರೂ ಬಂದಿರಲಿಲ್ಲ. ಅವನ ಹೆಂಡತಿ ಖಾಜಾಬಿ, ಏಳು ವರ್ಷದ ಮಗ ಮಹೆಬೂಬ ಗುಲ್ಬರ್ಗಕ್ಕೆ ಓಡಿಹೋದರು ಎಂದು ಊರು ಹೇಳಿತು. ಊರು ಹೇಳಿದ್ದನ್ನು ನಾನೂ ನಂಬಿದೆ.

ನಮ್ಮದು ಕುಲಕರ್ಣಿ ಮನೆ. ಅಪ್ಪ ಅನಂತರಾಯರು, ಅಜ್ಜಿ ಮಥುರಾಬಾಯಿ, ನಾನು. ತಾಯಿ ನನ್ನನ್ನು ಹೆತ್ತು ಹೋದವಳು. ಓಣಿಯ ಕೊನೆಯ ಮನೆ ನಮ್ಮದಾದ್ದರಿಂದ ಬೆನ್ನಿಗೇ ಕುರುಬರ ಓಣಿ ಶುರುವಾಗುತ್ತಿತ್ತು. ನಮ್ಮ ದನದ ಕೊಟ್ಟಿಗೆಯ ಹಿಂಗೋಡೆಯೇ ಮಾಣಿಕಮ್ಮನ ಅಡುಗೆಮನೆಯ ಗೋಡೆ. ಎರಡೂ ಮನೆಯ ಮಣ್ಣಿನ ಮಾಳಿಗೆ ಕೂಡಿಕೊಂಡಿತ್ತು. ಗೋಡೆ ಒಂದೇ, ಆದರೆ ಆ ಮನೆಯ ಹೊಸ್ತಿಲನ್ನು ನಮ್ಮವರು ಯಾರೂ ತುಳಿದವರಲ್ಲ.

ತುಳಿಯಲು ಮಾಣಿಕಮ್ಮನೂ ಬಿಡುತ್ತಿರಲಿಲ್ಲ ಅನ್ನಿ. ಅವಳ ಗಂಡ ಬೀರಣ್ಣ ಆರು ವರ್ಷದ ಹಿಂದೆ ಭೀಮೆಯ ಮಹಾಪೂರಕ್ಕೆ ಸಿಕ್ಕಿ ಹೋಗಿದ್ದ. ಹೆಣ ಸಿಗಲಿಲ್ಲ. ಅಂದಿನಿಂದ ಅವಳ ಬಾಗಿಲು ಮುಚ್ಚಿದ್ದು ಮುಚ್ಚಿಯೇ ಇತ್ತು. ಒಳಗೆ ಕೂತು ಉಣ್ಣೆ ನೂಲುವುದು, ನಸುಕಿನಲ್ಲಿ ಹೊಳೆಗೆ ಹೋಗಿ ನೀರು ತರುವುದು, ಇಷ್ಟೇ ಅವಳ ದಿನ. ಉಣ್ಣೆ ಹಿಂಜಲು ಶರಫುದ್ದೀನ ಬಂದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಅವಳು ಯಾಕೆ ಹಾಗೆ ಉಳಿದಳು ಎಂದು ದೊಡ್ಡವರು ಕೇಳಲಿಲ್ಲ. ಮಕ್ಕಳಾದ ನಮಗೆ ಮಾತ್ರ ಕೇಳದೆ ಅನ್ನ ಇಳಿಯುತ್ತಿರಲಿಲ್ಲ. ಬಾಗಿಲ ಸಂದಿಗೆ ಕಣ್ಣಿಟ್ಟೆವು, ಅಂಗಳಕ್ಕೆ ಕಲ್ಲು ಎಸೆದು ಓಡಿದೆವು. ಬೀರಣ್ಣ ಮೈಯೆಲ್ಲ ನೀರು ಸುರಿಸಿಕೊಂಡು ಅವಳ ಮನೆಗೆ ಬರುತ್ತಾನೆ ಎಂದು ಗುರಮ್ಮ ಕಣ್ಣರಳಿಸಿ ಹೇಳುತ್ತಿದ್ದಳು. ನನಗೆ ಹೆದರಿಕೆ, ಆದರೂ ಇನ್ನಷ್ಟು ಹೇಳು ಎಂದು ಅವಳ ಬೆನ್ನು ಬೀಳುತ್ತಿದ್ದೆ.

ನನ್ನ ಬಳಿ ಇದ್ದದ್ದು ಕಿವಿ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಳಿಯುವಾಗ ಗೋಡೆಯಾಚೆ ಮಾಣಿಕಮ್ಮ ಜೋಳದ ರೊಟ್ಟಿ ಬಡಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಆ ಸದ್ದು ಬಾಯಿಪಾಠ. ಬಡಿತ ಮೊದಲು ಮೆಲ್ಲಗೆ, ರೊಟ್ಟಿ ಅಗಲವಾದಂತೆ ಜೋರು, ಹಂಚಿಗೆ ಹಾಕುವಾಗ ಸುಮ್ಮನೆ. ಆ ಸುಮ್ಮನೆಯನ್ನು ಎಣಿಸಿದರೆ ರೊಟ್ಟಿ ಎಷ್ಟೆಂದು ಗೊತ್ತು. ಮಾಣಿಕಮ್ಮನದು ದಿನಕ್ಕೆ ಎರಡು. ಎಷ್ಟೋ ವರ್ಷದಿಂದ ಎರಡೇ. ಒಮ್ಮೆ ನಾನು ಬೆರಳು ಮಡಚುತ್ತ ನಿಂತದ್ದನ್ನು ಅಜ್ಜಿ ನೋಡಿಬಿಟ್ಟಳು.

"ಮಂದಿ ಮನಿ ರೊಟ್ಟಿ ಎಣಿಸಬಾರದು, ಪ್ರಮ್ಮಿ. ಬರಕತ್ ಹೋಗ್ತದ" ಎಂದಳು.

ನಾನು ಬೆರಳು ಬಿಟ್ಟು ಮನಸ್ಸಿನಲ್ಲೇ ಎಣಿಸತೊಡಗಿದೆ.

ಫೌಜು ಬಂದ ವಾರದಲ್ಲಿ ಒಂದು ಬೆಳಿಗ್ಗೆ ಎರಡನೆಯ ರೊಟ್ಟಿಯ ನಂತರ ಮೂರನೆಯದರ ಬಡಿತ ಕೇಳಿತು. ನನ್ನ ಕೈಯಲ್ಲಿದ್ದ ಸಗಣಿ ಹಾಗೇ ಉಳಿಯಿತು. ನಾಲ್ಕು. ಐದು. ಮರುದಿನವೂ ಐದು, ಅದರ ಮರುದಿನವೂ ಐದು. ಮೂರು ರೊಟ್ಟಿ ಹೆಚ್ಚು! ಒಬ್ಬಳೇ ಹೆಂಗಸು, ಮುಚ್ಚಿದ ಬಾಗಿಲು, ಸರಕಾರದ ಲೆವಿಗೆ ಜೋಳವೆಲ್ಲ ಹೋಗಿ ಊರೇ ಅರೆಹೊಟ್ಟೆಯಲ್ಲಿದ್ದ ಕಾಲ. ನನ್ನ ಲೆಕ್ಕಕ್ಕೆ ಉತ್ತರ ಒಂದೇ ಇತ್ತು, ಬೀರಣ್ಣ ಬಂದಿದ್ದಾನೆ.

ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದಾಗಲಿಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಗುರಮ್ಮನ ಕಿವಿಯಲ್ಲಿ ಹೇಳಿದೆ. "ಬೀರಣ್ಣ ಬಂದಾನ ಬೇ. ಮಾಣಿಕಮ್ಮ ದಿನಾ ಎರಡರ ಬದಲಿ ಐದು ರೊಟ್ಟಿ ಬಡಿಯಾಕತ್ತಾಳ. ನಾ ಎಣಿಸೇನಿ."

ಗುರಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳು ಯಾವತ್ತೂ ಹೇಳುವವಳು, ನಾನು ಕೇಳುವವಳು. ಅವತ್ತು ಅದು ತಿರುವುಮುರುವಾದದ್ದಕ್ಕೆ ನಾನು ಉಬ್ಬಿಹೋದೆ.

ಮರುದಿನ ನಮ್ಮ ಅಜ್ಜನ ಶ್ರಾದ್ಧ. ಪಿತೃಪಕ್ಷದಲ್ಲಿ ಅವನ ತಿಥಿ ಬರುತ್ತಿತ್ತು. ಅಜ್ಜಿ ನಸುಕಿನಲ್ಲೇ ಒದ್ದೆ ಸೀರೆಯುಟ್ಟು ಮಡಿಯಲ್ಲಿ ಅಡುಗೆಗೆ ನಿಂತಿದ್ದಳು. ಆಚಾರ್ಯರು ಬಂದು ಅಪ್ಪನನ್ನು ಕೂರಿಸಿಕೊಂಡು ಮಂತ್ರ ಶುರು ಮಾಡಿದ್ದರು. ಬ್ರಾಹ್ಮಣರ ಊಟ ಮುಗಿದು ಕಾಗೆ ಪಿಂಡ ಮುಟ್ಟುವ ತನಕ ಮಕ್ಕಳ ಬಾಯಿಗೂ ಏನೂ ಇಲ್ಲ. ಹಸಿದ ನಾನು ಅಡುಗೆಮನೆಯ ಸುತ್ತ ಸುಳಿದಾಡುವುದನ್ನು ನೋಡಿ ಅಜ್ಜಿ ರೇಗಿದಳು. "ಹೊಟ್ಟಿಬಾಕ ಹುಡುಗಿ, ಎಲ್ಲಿ ಮುಟ್ಟಿ ಮೈಲಿಗಿ ಮಾಡ್ತೀಯೋ. ಮಾಳಿಗಿ ಮ್ಯಾಲ ಹೋಗಿ ಕೂಡು."

ಮಾಳಿಗೆಯ ಮೇಲೆ ಬಿಸಿಲು. ನಮ್ಮ ಕಡೆ ಕೂತು ನಾನು ಆಚೆ ಕಡೆ ನೋಡಿದೆ. ಮಾಣಿಕಮ್ಮನ ಬೆಳಕಿಂಡಿಗೆ ಮುಚ್ಚಿದ ಗಡಿಗೆ ಅರ್ಧ ಸರಿದಿತ್ತು. ನೋಡಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಈ ವಯಸ್ಸಿನಲ್ಲಿ ಸುಳ್ಳು ಹೇಳಲಾರೆ. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಬೀರಣ್ಣನ ಒದ್ದೆ ತಲೆ ಕಾಣುತ್ತದೆಂದು ಹಲ್ಲು ಕಚ್ಚಿಕೊಂಡು ಕಣ್ಣಿಟ್ಟೆ.

ಕೆಳಗೆ ಮಾಣಿಕಮ್ಮ ಉಣ್ಣೆಯ ರಾಶಿಯನ್ನು ಸರಿಸುತ್ತಿದ್ದಳು. ರಾಶಿಯ ಅಡಿಯಲ್ಲಿ ಸಗಣಿ ಸಾರಿಸಿದ ಒಂದು ಹಾಸುಗಲ್ಲು. ಅದು ಹಗೇವಿನ ಬಾಯಿ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಲಿಲ್ಲ. ನೆಲದೊಳಗೆ ಜೋಳ ತುಂಬಿಡುವ ಗುಂಡಿ ನಮ್ಮ ಪಡಸಾಲೆಯಲ್ಲೂ ಇತ್ತು. ಅವಳು ಗಾಳಿಗೆಂದು ಸಂದಿ ಬಿಟ್ಟಿದ್ದ ಕಲ್ಲನ್ನು ಪೂರ್ತಿ ಸರಿಸಿ ಒಳಗೆ ಒಂದು ರೊಟ್ಟಿ ಹಿಡಿದಳು. ಕತ್ತಲಿನಿಂದ ಹಸಿರು ಗಾಜಿನ ಬಳೆಯ ಒಂದು ಕೈ ಮೇಲೆ ಬಂತು. ಅದರ ಪಕ್ಕದಲ್ಲಿ ಧೂಳು ಮೆತ್ತಿದ ಒಂದು ಸಣ್ಣ ಮುಖ. ಮಹೆಬೂಬ! ತನ್ನಪ್ಪನ ಬಿಲ್ಲಿನ ತಂತಿಯನ್ನು ನಮ್ಮಜ್ಜಿಯ ಕಣ್ಣು ತಪ್ಪಿಸಿ ನನ್ನ ಕೈಯಿಂದ ಮೀಟಿಸಿದ್ದ ಹುಡುಗ. ಅವನು ಬೆಳಕು ಬಂದ ಕಡೆ ತಲೆ ಎತ್ತಿದ. ನನ್ನನ್ನು ನೋಡಿ ಬಾಯಿ ತೆರೆದ.

ಮಾಣಿಕಮ್ಮನೂ ತಲೆ ಎತ್ತಿದಳು.

ಬೈಯುತ್ತಾಳೆ ಎಂದುಕೊಂಡೆ. ಮಾಟ ಮಾಡಿ ನನ್ನನ್ನು ಕಲ್ಲು ಮಾಡುತ್ತಾಳೆ ಎಂದೂ ಅನಿಸಿತು. ಅವಳು ಎರಡೂ ಕೈ ಎತ್ತಿ ನನಗೆ ಮುಗಿದಳು. ಒಂದು ಕೈಯಲ್ಲಿ ಇನ್ನೂ ಆ ರೊಟ್ಟಿ ಇತ್ತು. ಅಷ್ಟು ವರ್ಷ ನಾನು ಆ ಹೆಂಗಸಿಗೆ ಹೆದರಿದ್ದೆ. ಈಗ ಅವಳು ನನಗೆ ಹೆದರಿದ್ದಳು. ಅದಕ್ಕಿಂತ ಭಯಂಕರವಾದದ್ದನ್ನು ನಾನು ಆಮೇಲೂ ನೋಡಿಲ್ಲ.

ನಾನು ಹಿಂದಕ್ಕೆ ತೆವಳಿದೆ, ಗಡಿಗೆಯನ್ನು ಸರಿಯಾಗಿ ಮುಚ್ಚಿದೆ. ಆಗ ನಿನ್ನೆ ಗುರಮ್ಮನಿಗೆ ಹೇಳಿದ್ದು ನೆನಪಾಯಿತು. ಭೂತದ ಮಾತು ಮಕ್ಕಳಿಗೆ ಭೂತ. ಬಂದೂಕು ಹಿಡಿದವನಿಗೆ?

ಹೇಗೆ ಇಳಿದೆನೋ, ಓಡಿದೆ. ಗುರಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ನಾ ಹೇಳಿದ್ದು ಯಾರ ಮುಂದೂ ಹೇಳಬ್ಯಾಡ ಬೇ. ನಾ ಸುಳ್ಳು ಹೇಳೇನಿ" ಎಂದೆ, ಉಸಿರು ಸಿಗದೆ.

"ಅಣ್ಣಗ ನಿನ್ನೇನ ಹೇಳೇನಿ" ಎಂದಳು ಗುರಮ್ಮ. "ಮೊದಲ ನಕ್ಕ. ಸತ್ತವರು ರೊಟ್ಟಿ ತಿನ್ನಂಗಿಲ್ಲ, ಅಂದ. ಆಮ್ಯಾಲ ನಗಲಿಲ್ಲ. ಈಗ ಮೂರು ಮಂದಿನ್ನ ಕರಕೊಂಡು ಅತ್ತಾಗ ಹ್ವಾದ ನೋಡು."

ಅವಳಿಗೇನೂ ಗೊತ್ತಿರಲಿಲ್ಲ, ಪಾಪ. ಬೂದಿಯ ಕೈಯಲ್ಲೇ ಮೂಗು ಒರೆಸಿಕೊಂಡು ಮತ್ತೆ ಪಾತ್ರೆಗೆ ಕೈ ಹಾಕಿದಳು. ನಾನು ತಿರುಗಿ ಓಡಿದೆ. ಅಪ್ಪನಿಗೆ ಹೇಳಲೇ ಎಂದು ಒಂದು ಗಳಿಗೆ ನಮ್ಮ ಬಾಗಿಲಲ್ಲಿ ನಿಂತೆ. ಅಪ್ಪ ಜನಿವಾರ ಎಡಕ್ಕೆ ಹಾಕಿಕೊಂಡು ಎಳ್ಳು ನೀರು ಬಿಡುತ್ತಿದ್ದ, ಸುತ್ತ ನಾಲ್ಕು ಜನ ಹೊರಗಿನವರು. ಹೇಳಿಯೇ ಇಷ್ಟಾಗಿತ್ತು. ಇನ್ನೊಬ್ಬರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮಾಣಿಕಮ್ಮನ ಬಾಗಿಲು ಹಾರುಹೊಡೆದಿತ್ತು. ಹುಲೆಪ್ಪನ ಮೂವರು ಒಳಗೆ ಗಡಿಗೆ ಉರುಳಿಸುತ್ತಿದ್ದರು, ಮೇವು ಕೆದರುತ್ತಿದ್ದರು. ಹುಲೆಪ್ಪ ನಡುಮನೆಯಲ್ಲಿ ಬಂದೂಕು ಊರಿಕೊಂಡು ನಿಂತಿದ್ದ. ಉಣ್ಣೆಯ ರಾಶಿ ಮತ್ತೆ ಕಲ್ಲಿನ ಮೇಲೆ ಕೂತಿತ್ತು. ರಾಶಿಗೆ ಒತ್ತಿಕೊಂಡು ಮಾಣಿಕಮ್ಮ ನೂಲುತ್ತಿದ್ದಳು. ಈಗ ಕಲ್ಲು ಪೂರ್ತಿ ಮುಚ್ಚಿದೆ, ಒಳಗೆ ಗಾಳಿ ಇಲ್ಲ, ಇದೊಂದೇ ನನ್ನ ತಲೆಯಲ್ಲಿ. ನಮ್ಮ ಹಗೇವು ತೆಗೆದ ದಿನ ಅರ್ಧ ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಹೋದ ವರ್ಷ ಅವಸರಕ್ಕೆ ಇಳಿದವನನ್ನು ಹಗ್ಗ ಕಟ್ಟಿ ಎಳೆದು ತೆಗೆದಾಗ ಅವನ ತುಟಿ ನೀಲಿಯಾಗಿತ್ತು.

"ಒಬ್ಬಾಕಿಗೆ ಐದು ರೊಟ್ಟಿ ಯಾಕ ಬೇಕಕ್ಕ?" ಹುಲೆಪ್ಪ ಕೇಳುತ್ತಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಒಣಗಿಸಿ ಇಡ್ತೇನಿ."

"ಎಲ್ಲಿಟ್ಟಿ? ಬುಟ್ಟ್ಯಾಗ ಮೂರs ಅದಾವ, ಮೂರೂ ಹಸೇವು."

ಅವು ಆಗಷ್ಟೇ ಕೊಡಬೇಕೆಂದು ತೆಗೆದಿಟ್ಟು, ನನ್ನ ಕಣ್ಣು ಬಿದ್ದದ್ದಕ್ಕೆ ಕೊಡದೆ ಉಳಿದವು. ಮಾಣಿಕಮ್ಮನ ನೂಲು ಒಮ್ಮೆ ಕಡಿಯಿತು, ಗಂಟು ಹಾಕಿದಳು.

"ನಿಮ್ಮ ಹಗೇವು ಎಲ್ಲದ?"

"ನಮ್ಮ ಮನಿಯವರು ಹೊಳಿಗೆ ಹ್ವಾದ ವರ್ಷನ ಮಣ್ಣು ತುಂಬಿಸಿ ಮುಚ್ಚಿಸೇನಿ. ತುಂಬಾಕ ಜ್ವಾಳ ಎಲ್ಲದ?"

"ಎಲ್ಲಿ ಮುಚ್ಚಿಸಿದಿ, ತೋರ್ಸು."

ಹುಲೆಪ್ಪ ಬಂದೂಕಿನ ತುದಿಯನ್ನು ಉಣ್ಣೆಯ ರಾಶಿಗೆ ಚುಚ್ಚಿದ.

"ಆ ರೊಟ್ಟಿ ನಾ ತಿಂತೇನಿ!"

ಯಾರೋ ಕಿರುಚಿದಂತಾಯಿತು, ಕಿರುಚಿದವಳು ನಾನೇ. ಹೊಸ್ತಿಲು ಯಾವಾಗ ದಾಟಿದೆನೋ ನೆನಪಿಲ್ಲ. ನಾಲ್ವರೂ ತಿರುಗಿ ನೋಡಿದರು.

"ಏನಂದ್ರಿ ಸಣ್ಣ ಬಾಯಾರ?"

"ಮೂರು ರೊಟ್ಟಿ ನನಗ ಮಾಡ್ತಾಳ. ಮನ್ಯಾಗ ನಮ್ಮಜ್ಜಿ ಒಂದs ಕೊಡ್ತಾಳ, ನನಗ ಸಾಲಂಗಿಲ್ಲ. ಮಾಳಿಗಿ ಮ್ಯಾಲಿಂದ ಬರ್ತೇನಿ, ಬೆಳಕಿಂಡ್ಯಾಗ ಕೈ ಹಾಕಿ ತೊಗೋತೇನಿ."

"ಹಂಗಾರ ಗುರಮ್ಮನ ಮುಂದ ಬೀರಣ್ಣ ತಿಂತಾನ ಅಂತ ಯಾಕ ಹೇಳಿದ್ರಿ?"

ಸುಳ್ಳು ತಾನಾಗಿ ಬಂತು. "ನಾ ತಿಂತೇನಂತ ಹೇಳಿದ್ರ ಅಜ್ಜಿ ಕೊಂದs ಹಾಕ್ತಾಳ. ಅದಕ್ಕ ಭೂತದ ಕಥಿ ಕಟ್ಟಿದೆ."

ಕುಲಕರ್ಣಿಯರ ಮನೆಯ ಹುಡುಗಿ ಕುರುಬರ ಮನೆಯ ರೊಟ್ಟಿ ತಿನ್ನುವುದು ಅಂದರೆ ಆ ಕಾಲಕ್ಕೆ ನಂಬುವ ಮಾತಲ್ಲ. ಹುಲೆಪ್ಪ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದ. "ದಿನಾ ತಿನ್ನಾಕಿ ಅದೀರಿ. ಮೂರೂ ತಿನ್ರಿ, ನೋಡೂಣು."

ನಾನು ನೆಲಕ್ಕೆ ಕೂತೆ. ಮಾಣಿಕಮ್ಮ ಎದ್ದು ಒಂದು ರೊಟ್ಟಿಯ ಮೇಲೆ ಕೆಂಪು ಖಾರ ಹಾಕಿ ನನ್ನ ಮುಂದಿಟ್ಟಳು. ಬಳ್ಳೊಳ್ಳಿಯ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಮನೆಯಲ್ಲಿ ಬಳ್ಳೊಳ್ಳಿಯ ಹೆಸರನ್ನೂ ತೆಗೆಯುತ್ತಿರಲಿಲ್ಲ. ಮೊದಲ ತುತ್ತನ್ನು ಕಾರಿಕೊಂಡರೆ ಎಲ್ಲ ಮುಗಿಯಿತು ಎಂದು ನುಂಗಿದೆ. ಕಣ್ಣಲ್ಲಿ ನೀರು ಬಂತು.

"ದಿನಾ ತಿನ್ನೋರಿಗೆ ಕಣ್ಣಾಗ ನೀರು ಯಾಕ್ರಿ?"

ನಾನು ಉತ್ತರ ಹುಡುಕುವ ಮೊದಲೇ ಮಾಣಿಕಮ್ಮ ಮಾತಾಡಿದಳು. ಅವಳು ನನ್ನೊಡನೆ ಮಾತಾಡಿದ್ದನ್ನು ಮೊದಲ ಸಲ ಕೇಳಿದ್ದು ಆಗ. "ಇವತ್ತ ಹೊಸಾ ಮೆಣಸಿನಕಾಯಿ ಕುಟ್ಟೇನಿ, ಸಣ್ಣ ಬಾಯಾರ. ಖಾರ ಆತೇನು? ದಿನದಂಗ ಬೆಲ್ಲ ಕೊಡ್ಲೇನು?" ಎಷ್ಟೋ ದಿನದ ರೂಢಿ ಎಂಬಂತೆ ಕೇಳಿದಳು. ಕೊಡುವಾಗ ಮಾತ್ರ ಬೆಲ್ಲದ ಚೂರು ಅವಳ ಕೈ ಜಾರಿ ನೆಲಕ್ಕೆ ಬಿತ್ತು.

ಒಂದು ರೊಟ್ಟಿ ಮುಗಿಯಿತು. ಜೋಳದ ರೊಟ್ಟಿ ಅವಸರಕ್ಕೆ ಇಳಿಯುವಂಥದ್ದಲ್ಲ, ಗಂಟಲಲ್ಲಿ ಒಣ ಮಣ್ಣಾಗುತ್ತದೆ. ನಾನು ಅಗಿಯುತ್ತಿದ್ದಷ್ಟು ಹೊತ್ತೂ ಕೆಳಗೆ ಅವರ ಗಾಳಿ ಕಡಿಮೆಯಾಗುತ್ತಿದೆ. ಬೇಗ ಬೇಗ ಅಗಿದರೆ ಗಂಟಲು ಕಟ್ಟುತ್ತದೆ. ಎರಡನೆಯದನ್ನು ಮುರಿದಾಗ ನೆಲದಡಿಯಿಂದ ಒಂದು ಮಂಕು ಸದ್ದು ಬಂತು, ಯಾರೋ ಅಂಗೈಯಿಂದ ಕಲ್ಲು ತಟ್ಟಿದಂತೆ. ನಾನು ನೀರಿನ ಚೆಂಬಿಗೆ ಮೊಣಕೈ ತಾಗಿಸಿ ಉರುಳಿಸಿದೆ. ಮಾಣಿಕಮ್ಮ ಅದೇ ಕ್ಷಣ ಕೋಲು ತೆಗೆದುಕೊಂಡು ಉಣ್ಣೆ ಬಡಿಯಲು ಶುರು ಮಾಡಿದಳು. ಧಬ್, ಧಬ್ ಎಂದು ಮನೆಯೆಲ್ಲ ಧೂಳು. ಹುಲೆಪ್ಪ ಸೀನಿ ಹಿಂದಕ್ಕೆ ಸರಿದ.

"ಪ್ರಮ್ಮೀ!"

ಬಾಗಿಲಾಚೆ ಅಜ್ಜಿ. ಗದ್ದಲ ಕೇಳಿ ಮಡಿಯಲ್ಲೇ ಬಂದುಬಿಟ್ಟಿದ್ದಳು. ನನ್ನ ಕೈಯಲ್ಲಿ ರೊಟ್ಟಿ, ತುಟಿಯ ಮೇಲೆ ಕೆಂಪು ಖಾರ. ಪಿಂಡಕ್ಕೆ ಇನ್ನೂ ಕಾಗೆ ಬಂದಿಲ್ಲ.

"ದಿನಾ ತಿಂತಾಳಂತ್ರಿ ಬಾಯಾರ, ನಿಮ್ಮ ಮೊಮ್ಮಗಳು" ಎಂದ ಒಳಗಿನ ಒಬ್ಬ.

ಅಜ್ಜಿ ಹಣೆ ಹಣೆ ಬಡಿದುಕೊಂಡಳು. ಓಣಿಯಲ್ಲೇ ಕುಸಿದು ಕೂತು, ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. "ನಿಮ್ಮಜ್ಜ ಉಪವಾಸ ಹೋದರಲ್ಲೇ... ಅವರ ದಿನಾನೂ ನಿನಗ ತಡಿಲಿಲ್ಲೇನ..." ಅಜ್ಜಿ ಅಳುವುದನ್ನು ನಾನು ನೋಡಿರಲಿಲ್ಲ. ಹೋಗಿ ಅವಳನ್ನು ತಬ್ಬಿಕೊಂಡು, ಇಲ್ಲಜ್ಜಿ, ಸುಳ್ಳಜ್ಜಿ, ಎನ್ನಬೇಕೆಂದು ಎದೆ ಒಡೆಯುತ್ತಿತ್ತು. ಹುಲೆಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅಜ್ಜಿಯ ಕಣ್ಣೆದುರಿಗೇ ನಾನು ಮೂರನೆಯ ರೊಟ್ಟಿ ಮುರಿದೆ. ತಿಂದೆ. ಬೆಲ್ಲ ಬೇಕೆಂದು ಕೈ ಚಾಚಿದೆ.

ನನ್ನ ಸುಳ್ಳನ್ನು ನಂಬಿಸಿದ್ದು ನಾನಲ್ಲ, ಅಜ್ಜಿಯ ಅಳು. ಅಂಥ ಅಳುವನ್ನು ಯಾರೂ ನಟಿಸಲಾರರು. ಹುಲೆಪ್ಪನ ಭುಜ ಇಳಿಯಿತು. ಅವನ ಜೊತೆಯವರು ಮುಸಿ ಮುಸಿ ನಕ್ಕರು.

"ನಡೀರಿ" ಎಂದ ಹುಲೆಪ್ಪ. "ಊರು ಕಾಯೂದು ಬಿಟ್ಟು ರೊಟ್ಟಿ ಕಳ್ಳಿನ್ನ ಹಿಡ್ಯಾಕ ಬಂದೇವಿ." ಬಾಗಿಲಲ್ಲಿ ತಿರುಗಿ ಮಾಣಿಕಮ್ಮನಿಗೆ, "ತಪ್ಪು ತಿಳೀಬ್ಯಾಡಕ್ಕ" ಎಂದ. ಅವನ ಕಣ್ಣು ಕೆಂಪಾಗಿದ್ದವು. ಅಣ್ಣನನ್ನು ಕಳೆದುಕೊಂಡವನು ಅವನು, ಅದನ್ನೂ ನಾನು ಮರೆತಿಲ್ಲ.

ಕಲ್ಲು ಸರಿಸುವುದನ್ನು ನೋಡಲು ನನಗೆ ಆಗಲಿಲ್ಲ. ಅಜ್ಜಿ ನನ್ನನ್ನು ಮುಟ್ಟದೆ, ಒಂದು ಕಟ್ಟಿಗೆಯಿಂದ ದನ ಹೊಡೆದಂತೆ ಹೊಡೆದುಕೊಂಡು ಮನೆಗೆ ಒಯ್ದಳು. ಶ್ರಾದ್ಧ ಅರ್ಧಕ್ಕೆ ನಿಂತಿತು. ಮಾಡಿದ ಅಡುಗೆಯೆಲ್ಲ ದನಕ್ಕೆ ಹೋಯಿತು. ಅಮಾವಾಸ್ಯೆಯ ದಿನ ಮತ್ತೆ ಮಾಡಿರೆಂದು ಆಚಾರ್ಯರು ಮುಖ ಗಂಟಿಕ್ಕಿ ಎದ್ದರು. ನನ್ನ ತಲೆಯ ಮೇಲೆ ಏಳು ಕೊಡ ತಣ್ಣೀರು ಸುರಿದರು, ಪಂಚಗವ್ಯ ಕುಡಿಸಿದರು. ಮೂರು ದಿನ ಮನೆಯೊಳಗೆ ಬರಬಾರದು, ಕೊಟ್ಟಿಗೆಯಲ್ಲಿ ಇರಬೇಕು ಎಂದಾಯಿತು. ಅಪ್ಪ ಒಂದು ಮಾತೂ ಆಡಲಿಲ್ಲ, ಆಮೇಲೆ ತಿಂಗಳವರೆಗೂ ಆಡಲಿಲ್ಲ.

ಕೊಟ್ಟಿಗೆಗೆ ಬಂದವಳೇ ನಾನು ಹಿಂಗೋಡೆಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಹೊತ್ತು ಮುಳುಗುತ್ತಿತ್ತು. ಸತ್ತರು, ನಾನು ಅಗಿಯುವುದು ತಡವಾಯಿತು, ನಾನೇ ಕೊಂದೆ ಎಂದು ಮೊಣಕಾಲ ನಡುವೆ ತಲೆ ಇಟ್ಟು ಕೂತೆ. ಅತ್ತರೆ ಯಾಕೆಂದು ಯಾರಾದರೂ ಕೇಳುತ್ತಾರೆಂದು ಅಳಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಒಂದು ಕೆಮ್ಮು ಕೇಳಿತು. ಸಣ್ಣ ಹುಡುಗನ ಕೆಮ್ಮು. ಬಾಯಿಗೆ ಬಟ್ಟೆ ಒತ್ತಿದ್ದರೂ ತಡೆಯದೆ ಬಂದದ್ದು.

ಬದುಕಿದ್ದಾರೆ! ಮರುಕ್ಷಣವೇ ಮತ್ತೆ ಭಯ. ನನಗೆ ಕೇಳಿದ್ದು ಓಣಿಗೆ ಕೇಳುವುದಿಲ್ಲವೇ? ಹುಡುಗ ಮತ್ತೆ ಕೆಮ್ಮಿದ. ನಾನೂ ಕೆಮ್ಮಿದೆ, ಅವನಿಗಿಂತ ಜೋರಾಗಿ. ಅವನು ಕೆಮ್ಮಿದಾಗಲೆಲ್ಲ ನಾನು ಕೆಮ್ಮಿದೆ. ಗಂಟಲು ಹರಿದುಹೋಗುವಂತೆ ಕೆಮ್ಮಿದೆ. "ಬಳ್ಳೊಳ್ಳಿ ತಿಂದ ಪಾಪ, ಕೆಮ್ಮಲಿ" ಎಂದಳು ಅಜ್ಜಿ ಒಳಗಿನಿಂದ. ಕಡೆಗೆ ಆಚೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಿಂದ, ಬಹಳ ಮೆಲ್ಲಗೆ, ಮಾಣಿಕಮ್ಮನ ದನಿ ಬಂತು.

"ಸಾಕು ಮಗಳs. ಮಲಕೋ ಇನ್ನ."

ಅದೇ ಕೊನೆ. ಆಮೇಲೆ ಅವಳು ಹದಿನೈದು ವರ್ಷ ಬದುಕಿದ್ದಳು, ನನ್ನೊಡನೆ ಇನ್ನೊಂದು ಮಾತಾಡಲಿಲ್ಲ. ಬಾಗಿಲು ಎಂದಿನಂತೆ ಮುಚ್ಚಿಯೇ ಇತ್ತು, ನಾನೂ ತಟ್ಟಲಿಲ್ಲ, ತಾಯಿ ಮಗ ಯಾವಾಗ ಎಲ್ಲಿಗೆ ಹೋದರೆಂದು ಕೇಳಲೂ ಇಲ್ಲ. ಅಜ್ಜಿ ಹನ್ನೊಂದು ವರ್ಷ ಬದುಕಿದಳು. ಸಾಯುವ ತನಕ ನನ್ನ ಕೈಯಿಂದ ಒಂದು ತಂಬಿಗೆ ನೀರು ತೆಗೆದುಕೊಳ್ಳಲಿಲ್ಲ. ಕಾಲ ತಿಳಿಯಾದ ಮೇಲೆ ಅವಳಿಗೆ ನಿಜ ಹೇಳಬಹುದಿತ್ತು. ಎಷ್ಟೋ ಸಲ ಅವಳ ಕೋಣೆಯ ಬಾಗಿಲ ತನಕ ಹೋಗಿದ್ದೇನೆ. ಆದರೆ ಅದು ಮಾಣಿಕಮ್ಮನ ಮನೆಯೊಳಗಿನ ಮಾತು, ನನ್ನದಲ್ಲ. ಒಮ್ಮೆ ಆ ಮನೆಯ ಮಾತನ್ನು ಹೊರಗೆ ಹಾಕಿದ್ದೇ ಸಾಕಾಗಿತ್ತು. ಅಜ್ಜಿಯ ವಿಷಯದಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿಯದು, ನೆನೆದರೆ ಸಂಕಟವಾಗುತ್ತದೆ.

ಆ ಮರುದಿನ ಬೆಳಿಗ್ಗೆಯದನ್ನು ಹೇಳಿ ಮುಗಿಸುತ್ತೇನೆ. ಕೊಟ್ಟಿಗೆಯ ಹುಲ್ಲಿನ ಮೇಲೆ ಎಚ್ಚರವಾಯಿತು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಗೋಡೆಯಾಚೆ ಒಲೆಗೆ ಕಟ್ಟಿಗೆ ಮುರಿದ ಸದ್ದು, ಹಿಟ್ಟು ನಾದಿದ ಸದ್ದು. ಆಮೇಲೆ ಬಡಿತ ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಜೋರು, ಆಮೇಲೆ ಸುಮ್ಮನೆ. ಒಂದು.

ಮತ್ತೆ ಮೆಲ್ಲಗೆ, ಮತ್ತೆ ಜೋರು, ಮತ್ತೆ ಸುಮ್ಮನೆ. ಎರಡು.

ಇವು ಅವಳ ಪಾಲಿನವು. ಇಲ್ಲಿಗೆ ನಿಂತರೆ ತಾಯಿ ಮಗ ಕತ್ತಲಲ್ಲೇ ಹೊರಟುಹೋದರು. ನಿಲ್ಲದಿದ್ದರೆ ಇನ್ನೂ ನೆಲದಡಿಯಲ್ಲೇ ಇದ್ದಾರೆ. ತಿಳಿದುಕೊಳ್ಳಬೇಕೆಂಬ ಆಸೆಗೆ ನನ್ನ ಮೈಯೆಲ್ಲ ಕಿವಿಯಾಗಿತ್ತು. ಆಚೆ ಮಾಣಿಕಮ್ಮ ಸರಿದು ಕೂತ ಸದ್ದಾಯಿತು.

ನಾನು ಎರಡೂ ಕಿವಿಗೆ ಬೆರಳು ತುರುಕಿಕೊಂಡೆ, ಬಿಸಿಲು ಅಂಗಳಕ್ಕೆ ಬರುವ ತನಕ ತೆಗೆಯಲಿಲ್ಲ.